1972ರ ಅಂಬಾಸಡರ್: ಕಲಬುರಗಿ ಬಿಸಿಲಿಗೆ ಹೊಸ ಕರೆಂಟು, ಹೊಸ ಗಾಳಿ, ಹೊಸ ಕಿಡಿ

ಗಾಡಿ ಅಂಬಾಸಡರ್ ಮಾರ್ಕ್ 2. ಎಂಜಿನ್ 1489 ಸಿಸಿ ಪೆಟ್ರೋಲ್, ಬೋರ್ 73.025 ಎಂಎಂ, ಸ್ಟ್ರೋಕ್ 88.9 ಎಂಎಂ, ಗೇರ್ ಸ್ಟೀರಿಂಗ್ ಪಕ್ಕದಲ್ಲಿ. ದೂರು ಎರಡೇ. ಏಪ್ರಿಲ್ ಮಧ್ಯಾಹ್ನ ಕಲಬುರಗಿಯ ಸೂಪರ್ ಮಾರ್ಕೆಟ್ ಸಂದಣಿಯಲ್ಲಿ ಹತ್ತು ನಿಮಿಷ ಸಿಕ್ಕಿಕೊಂಡರೆ ಗಾಡಿ ಕಾದು ಬಿಸಿಯೇರುತ್ತದೆ, ಒಮ್ಮೆ ಆಫ್ ಮಾಡಿದರೆ ಅರ್ಧ ಗಂಟೆ ಸ್ಟಾರ್ಟ್ ಆಗುವುದಿಲ್ಲ. ರಾತ್ರಿ ಹೆಡ್‌ಲೈಟ್, ವೈಪರ್ ಒಟ್ಟಿಗೆ ಹಾಕಿದರೆ ಬ್ಯಾಟರಿ ಇಳಿಯುತ್ತದೆ.

ಇಂಥ ಗಾಡಿ ಬಂದಾಗ ಮೊದಲು ಬರುವ ಸಲಹೆ "ಎಂಜಿನ್ನೇ ಬದಲಿಸಿಬಿಡಿ" ಅನ್ನುವುದು. 1990ರ ದಶಕದಲ್ಲಿ ಹಿಂದುಸ್ತಾನ್ ಮೋಟರ್ಸ್ ಕಂಪನಿಯೇ ಇದೇ ಬಾಡಿಗೆ 1817 ಸಿಸಿ ಇಸುಝು ಎಂಜಿನ್, ಐದು ಗೇರಿನ ಬಾಕ್ಸ್ ಕೂರಿಸಿ ಮಾರಿತ್ತು. ಹಾಗಾಗಿ ಕೂರುವುದಂತೂ ಕೂರುತ್ತದೆ. ಆದರೆ ಎಂಜಿನ್ ಮೌಂಟ್, ಗೇರ್‌ಬಾಕ್ಸಿನ ಅಡ್ಡಪಟ್ಟಿ, ಪ್ರೊಪೆಲ್ಲರ್ ಶಾಫ್ಟಿನ ಉದ್ದ ಎಲ್ಲವೂ ಬದಲಾಗಬೇಕು, ನೆಲದ ಗೇರಿಗಾಗಿ ತಳದ ತಗಡು ಕತ್ತರಿಸಬೇಕು. ಅದಕ್ಕಿಂತ ದೊಡ್ಡದು ಕಾಗದದ ಮಾತು. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ಆರ್‌ಸಿಯಲ್ಲಿರುವ ವಿವರ ತಯಾರಕರು ಕೊಟ್ಟದ್ದಕ್ಕಿಂತ ಬೇರೆಯಾಗುವಂತೆ ಗಾಡಿ ಮಾರ್ಪಡಿಸುವಂತಿಲ್ಲ. ಸುಪ್ರೀಂ ಕೋರ್ಟ್ 2019ರಲ್ಲಿ ಇದನ್ನೇ ಗಟ್ಟಿಯಾಗಿ ಹೇಳಿದೆ. 2021ರಲ್ಲಿ ಬಂದ ವಿಂಟೇಜ್ ವಾಹನ ನಿಯಮವೂ 50 ವರ್ಷ ದಾಟಿದ ಗಾಡಿಯ ಚಾಸಿ, ಬಾಡಿ, ಎಂಜಿನ್ ಮೂಲರೂಪದಲ್ಲಿರಬೇಕು ಅನ್ನುತ್ತದೆ. ಈ ಗಾಡಿಗೆ ಆ ವಯಸ್ಸಾಗಿದೆ. ವಿಂಟೇಜ್ ನೋಂದಣಿಯ ಆ ಬಾಗಿಲನ್ನು ನಾವೇ ಮುಚ್ಚುವುದು ಬೇಡ.

ಕಂಪ್ರೆಷನ್ ನೋಡಿದೆವು: ನಾಲ್ಕೂ ಸಿಲಿಂಡರ್ 120ರಿಂದ 126 ಪೌಂಡ್ ಒಳಗೆ. ಎಂಜಿನ್ ಗಟ್ಟಿ ಇದೆ. ಸೋತಿರುವುದು ಅದರ ಸುತ್ತಲಿನ ಸಾಮಾನು. ಹಾಗಾಗಿ ಇಡೀ ಕೆಲಸಕ್ಕೆ ಒಂದೇ ಕಟ್ಟಳೆ ಹಾಕಿಕೊಂಡೆವು: ಬಾಡಿಯಲ್ಲಿ ಹೊಸ ತೂತು ಹೊಡೆಯಬಾರದು, ಹಾಕಿದ್ದೆಲ್ಲ ಒಂದು ದಿನದಲ್ಲಿ ಬಿಚ್ಚಿ ಮೊದಲಿನಂತೆ ಮಾಡುವಂತಿರಬೇಕು.

ಯಾವುದು ಮೊದಲು

ಬಹಳ ಕಡೆ ಮೊದಲು ಎಲೆಕ್ಟ್ರಿಕ್ ಫ್ಯಾನ್ ಹಾಕುತ್ತಾರೆ. ಅಲ್ಲೇ ಕೆಲಸ ಕೆಡುವುದು. ಎಂಜಿನ್ ಬೆಲ್ಟಿನಿಂದ ತಿರುಗಿ ಕರೆಂಟು ಮಾಡುವ ಹಳೆಯ ಡೈನಮೊ ಪೂರಾ ಓಡಿದಾಗ ಕೊಡುವುದು ಸುಮಾರು 20 ಆಂಪಿಯರ್, ಎಂಜಿನ್ ಸ್ಲೋ ಇದ್ದಾಗ ಏನೂ ಇಲ್ಲ. ಡ್ಯಾಶಿನ ಕೆಂಪು ಚಾರ್ಜ್ ಲೈಟ್ ಉರಿಯುತ್ತಿರುವುದು ಅದಕ್ಕೇ. ಫ್ಯಾನ್ ಬೇಕಾಗುವುದು ಗಾಡಿ ನಿಂತಾಗ, ಅಂದರೆ ಡೈನಮೊ ಸತ್ತಿರುವ ಹೊತ್ತಿಗೇ. 8–10 ಆಂಪಿಯರ್ ಎಳೆಯುವ ಫ್ಯಾನ್ ಆಗ ಪೂರಾ ಬ್ಯಾಟರಿ ಮೇಲೆ ಬೀಳುತ್ತದೆ. ವೋಲ್ಟೇಜ್ ಇಳಿದರೆ ಫ್ಯಾನೂ ನಿಧಾನ, ಕಿಡಿಯೂ ದುರ್ಬಲ, ಗಾಡಿ ಇನ್ನಷ್ಟು ಕಾಯುತ್ತದೆ. ಆದ್ದರಿಂದ ಮೊದಲು ಆಲ್ಟರ್ನೇಟರ್ (ಡೈನಮೊ ಜಾಗಕ್ಕೆ ಬರುವ, ಸ್ಲೋನಲ್ಲೂ ಕರೆಂಟು ಕೊಡುವ ಸಾಮಾನು), ಆಮೇಲೆ ನೀರು ಮತ್ತು ಫ್ಯಾನ್, ಆಮೇಲೆ ಕಿಡಿ ಮತ್ತು ಪೆಟ್ರೋಲ್, ಕೊನೆಗೆ ಲೈಟ್.

ಪ್ಲಸ್ ಅರ್ಥಿಂಗಿನಿಂದ ಮೈನಸ್ ಅರ್ಥಿಂಗಿಗೆ

ಪಾನಾ ಹಿಡಿಯುವ ಮುಂಚೆ ಬ್ಯಾಟರಿಯ ಯಾವ ತುದಿ ಬಾಡಿಗೆ ಕಟ್ಟಿದೆ ನೋಡಿ. ಈ ಗಾಡಿಯಲ್ಲಿ ಪ್ಲಸ್ ಬಾಡಿಗಿತ್ತು. ಹೀಗಿರುವಾಗ ಆಲ್ಟರ್ನೇಟರ್ ಜೋಡಿಸಿದರೆ ಡಯೋಡ್ ಆ ಕ್ಷಣಕ್ಕೇ ಸುಟ್ಟುಹೋಗುತ್ತದೆ.

ಬ್ಯಾಟರಿ ತಿರುಗಿಸಿ ಇಡಿ. ಪ್ಲಸ್ ಗುಬ್ಬಿ ಮೈನಸ್‌ಗಿಂತ ದಪ್ಪ, ಹಾಗಾಗಿ ಎರಡೂ ಕ್ಲಾಂಪ್ ಬದಲಿಸಬೇಕು; ಹಳೆಯದನ್ನೇ ಸುತ್ತಿಗೆಯಿಂದ ಬಡಿದು ಕೂರಿಸಿದರೆ ಬ್ಯಾಟರಿಯ ಸೀಸ ಒಳಗೆ ಬಿರುಕು ಬಿಡುತ್ತದೆ. ಇಗ್ನಿಷನ್ ಕಾಯಿಲಿನ ಎರಡು ಸಣ್ಣ ವೈರ್ ಅದಲುಬದಲು ಮಾಡಿ. ಮೈನಸ್ ಗುರುತಿನ ತುದಿ ಡಿಸ್ಟ್ರಿಬ್ಯೂಟರ್ ಕಡೆಗೆ ಬರಬೇಕು. ಇದನ್ನು ಮರೆತರೂ ಗಾಡಿ ಓಡುತ್ತದೆ, ಆದರೆ ಕಿಡಿ ಉಲ್ಟಾ ಹಾರುವುದರಿಂದ ಹೆಚ್ಚು ವೋಲ್ಟೇಜ್ ಬೇಡುತ್ತದೆ, ಲೋಡ್ ಬಿದ್ದಾಗ ಮಿಸ್ ಹೊಡೆಯುತ್ತದೆ. ಆಮ್ಮೀಟರ್ ಇದ್ದರೆ ಅದರ ವೈರೂ ಅದಲುಬದಲು. ಸೆಲ್ಫ್ ಮೋಟರಿಗೆ ಏನೂ ಬೇಡ. ಅದರ ಫೀಲ್ಡೂ ಕಾಯಿಲೇ ಆದ್ದರಿಂದ ಯಾವ ಕಡೆ ಕೊಟ್ಟರೂ ಒಂದೇ ದಿಕ್ಕಿಗೆ ತಿರುಗುತ್ತದೆ. ಅಯಸ್ಕಾಂತದ ಮೋಟರ್ ಇರುವ ಸಾಮಾನು ಮಾತ್ರ ಉಲ್ಟಾ ತಿರುಗುತ್ತದೆ. ಹಳೆಯ ಪ್ಲಸ್ ಅರ್ಥಿಂಗ್ ರೇಡಿಯೋ ಇದ್ದರೆ ವೈರ್ ಬಿಚ್ಚಿ ಟೇಪ್ ಸುತ್ತಿ, ಇಲ್ಲದಿದ್ದರೆ ಸುಟ್ಟಿತೆಂದೇ ತಿಳಿಯಿರಿ.

ಆಲ್ಟರ್ನೇಟರ್ ಕೂರಿಸುವುದು

ಒಳಗೇ ರೆಗ್ಯುಲೇಟರ್ ಇರುವ, 45ರಿಂದ 55 ಆಂಪಿಯರಿನ ಸಣ್ಣ ಕಾರಿನ ಆಲ್ಟರ್ನೇಟರ್ ಸಾಕು. ಗುಜರಿಯಲ್ಲಿ ಕೊಳ್ಳುವಾಗ ಮೂರು ನೋಡಿ: ಪುಲ್ಲಿ ವಿ ಬೆಲ್ಟಿನದಾಗಿರಬೇಕು, ಶಾಫ್ಟ್ ಕೈಯಲ್ಲಿ ತಿರುಗಿಸಿದರೆ ಬೇರಿಂಗ್ ಗರಗರ ಅನ್ನಬಾರದು, ಕಾರ್ಬನ್ ಬ್ರಷ್ 5 ಎಂಎಂಗಿಂತ ಹೆಚ್ಚು ಉಳಿದಿರಬೇಕು. ಕ್ರ್ಯಾಂಕ್ ಪುಲ್ಲಿಯ ವ್ಯಾಸವನ್ನು ಆಲ್ಟರ್ನೇಟರ್ ಪುಲ್ಲಿಯ ವ್ಯಾಸದಿಂದ ಭಾಗಿಸಿದರೆ 1.8ರಿಂದ 2.2ರ ನಡುವೆ ಬರಬೇಕು. ಕಡಿಮೆಯಾದರೆ ಸ್ಲೋನಲ್ಲಿ ಚಾರ್ಜ್ ಸಾಲದು.

ಡೈನಮೊ ಉದ್ದ, ಆಲ್ಟರ್ನೇಟರ್ ಗಿಡ್ಡ. ಹಾಗಾಗಿ ಬೋಲ್ಟ್ ತೂರಿಸುವ ಕಿವಿಗಳು ಹಳೆಯ ಬ್ರ್ಯಾಕೆಟ್ಟಿಗೆ ನೇರವಾಗಿ ಸೇರುವುದಿಲ್ಲ. 6 ಎಂಎಂ ತಗಡಿನಲ್ಲಿ ಎಲ್ ಆಕಾರದ ಬ್ರ್ಯಾಕೆಟ್ ಮಾಡಿ, ಡೈನಮೊದ ಹಳೆಯ ಎರಡು ಬೋಲ್ಟ್ ಜಾಗಕ್ಕೇ ಕಟ್ಟಿದೆವು. ಎರಡೂ ಕಿವಿಗಳ ನಡುವೆ ಒಂದೇ ಉದ್ದ ಬೋಲ್ಟ್, ಮಿಕ್ಕ ಸಂದಿಗೆ ಲೇತಿನಲ್ಲಿ ಕೊಯ್ದ ಪೈಪ್ ತುಂಡು. ಸಂದಿ ಬಿಟ್ಟು ಬೋಲ್ಟ್ ಬಿಗಿದರೆ ಅಲ್ಯೂಮಿನಿಯಂ ಕಿವಿ ಬಾಗಿ ಒಂದು ತಿಂಗಳಲ್ಲಿ ಮುರಿಯುತ್ತದೆ.

ಇಲ್ಲಿ ಒಂದು ಬೋಲ್ಟಿನ ಬಗ್ಗೆ ನಿಧಾನವಾಗಿ ಹೇಳಲೇಬೇಕು. ಈ ಎಂಜಿನ್ನಿನ ಚೂಡಿಯೆಲ್ಲ (ಬೋಲ್ಟಿನ ಸುರುಳಿ ಗೆರೆ) ಇಂಚಿನ ಲೆಕ್ಕದ್ದು. ಡೈನಮೊ ಬೋಲ್ಟ್ 5/16 ಇಂಚು ಯುಎನ್‌ಎಫ್, ಅಂದರೆ ದಪ್ಪ 7.94 ಎಂಎಂ, ಇಂಚಿಗೆ 24 ಚೂಡಿ. ಅಂಗಡಿಯಲ್ಲಿ ಸಿಗುವ 8 ಎಂಎಂ ಬೋಲ್ಟ್ ಕಣ್ಣಿಗೆ ಅದರ ಹಾಗೇ ಕಾಣುತ್ತದೆ, ಎರಡು ಸುತ್ತು ಕೈಯಲ್ಲೇ ಹೋಗುತ್ತದೆ. ಆಮೇಲೆ ಬಿಗಿ ಬಂತೆಂದು ಪಾನಾ ಹಾಕುತ್ತಾರೆ. ಆ ಬಿಗಿ ಕೂತದ್ದರಿಂದ ಬಂದದ್ದಲ್ಲ, ಬ್ಲಾಕಿನ ಚೂಡಿ ಕೊಯ್ಯುತ್ತಿರುವುದರಿಂದ. ಎರಡು ಸುತ್ತು ದಾಟಿ ಕೈಗೆ ಹೋಗದ ಬೋಲ್ಟನ್ನು ಹಿಂದಕ್ಕೆ ತೆಗೆಯಿರಿ. ಸರಿಯಾದದ್ದು ಕೊನೆಯವರೆಗೂ ಬೆರಳಲ್ಲೇ ಹೋಗುತ್ತದೆ. ಅದರ ತಲೆಗೆ ಅರ್ಧ ಇಂಚಿನ ಪಾನಾ ಸರಿ, 13 ಎಂಎಂ ಸಡಿಲ.

ಪುಲ್ಲಿಗಳು ಒಂದೇ ಸಾಲಿಗಿವೆಯೇ ಅಂತ ಸ್ಟೀಲ್ ಸ್ಕೇಲ್ ಇಟ್ಟು ನೋಡಿ. ವ್ಯತ್ಯಾಸ 1.5 ಎಂಎಂ ದಾಟಬಾರದು; ವಾಷರ್ ಸೇರಿಸಿ ಸರಿಮಾಡಿ. ಬೆಲ್ಟನ್ನು ಉದ್ದದ ಬದಿಯಲ್ಲಿ ಹೆಬ್ಬೆರಳಿಂದ ಒತ್ತಿದರೆ 10–12 ಎಂಎಂ ಇಳಿಯಬೇಕು.

ವೈರಿಂಗ್

ಡೈನಮೊದ ಚಾರ್ಜ್ ಹತೋಟಿಯಲ್ಲಿಡುವ ಹಳೆಯ ಕಟೌಟ್ ಬಾಕ್ಸ್ ಅಲ್ಲೇ ಇರಲಿ, ಆದರೆ ಒಳಗೆ ಕೆಲಸ ಬೇಡ. ವೈರ್ ಬಿಚ್ಚುವ ಮುಂಚೆ ಪ್ರತಿಯೊಂದಕ್ಕೂ ಚೀಟಿ ಕಟ್ಟಿ. ಬಾಕ್ಸಿನ ಎ ಮತ್ತು ಎ1 ತುದಿಗಳ ವೈರ್‌ಗಳನ್ನು ಒಂದೇ ಬೋಲ್ಟಿಗೆ ಸೇರಿಸಿ ಇನ್ಸುಲೇಟ್ ಮಾಡಿ. ಡಿ ತುದಿಯಲ್ಲಿದ್ದ ದಪ್ಪ ಹಳದಿ ವೈರ್ ಮತ್ತು ಕೆಂಪು ಲೈಟಿನ ಸಣ್ಣ ವೈರ್ ಎರಡನ್ನೂ ಜೋಡಿಸಿ. ಆ ದಪ್ಪ ಹಳದಿ ವೈರಿನ ಇನ್ನೊಂದು ತುದಿ ಡೈನಮೊ ಹತ್ತಿರ ಇರುತ್ತದೆ. ಅದು ಆಲ್ಟರ್ನೇಟರಿನ ಎಲ್ ಪಿನ್ನಿಗೆ. ಎಫ್ ವೈರಿಗೆ ಎರಡೂ ಕಡೆ ಟೇಪ್. ಆಲ್ಟರ್ನೇಟರಿಗೆ ಐಜಿ ಅನ್ನುವ ಇನ್ನೊಂದು ಪಿನ್ ಇದ್ದರೆ ಅದಕ್ಕೆ ಇಗ್ನಿಷನ್ ಲೈನ್.

ಆಲ್ಟರ್ನೇಟರಿನ ಬಿ ತುದಿಯಿಂದ 10 ಚದರ ಎಂಎಂ ಹೊಸ ಕೇಬಲ್ ಎಳೆದು ಸೆಲ್ಫ್ ಸ್ವಿಚ್ಚಿನ ಬ್ಯಾಟರಿ ತುದಿಗೆ ಕೊಡಿ, ನಡುವೆ 60 ಆಂಪಿಯರ್ ಫ್ಯೂಸ್. ಹಳೆಯ ಹಾರ್ನೆಸ್ 20 ಆಂಪಿಯರಿಗೆ ಮಾಡಿದ್ದು, ಅದರ ಮೇಲೆ 50 ಹೊರಿಸಿದರೆ ಡ್ಯಾಶ್‌ಬೋರ್ಡ್ ಹಿಂದೆ ಪ್ಲಾಸ್ಟಿಕ್ ಕರಗುತ್ತದೆ. 30 ಆಂಪಿಯರಿನ ಆಮ್ಮೀಟರ್ ಮೂಲಕವೂ ಇದನ್ನು ಹಾಯಿಸಬೇಡಿ.

ಎಂಜಿನ್ನಿನಿಂದ ಚಾಸಿಗೆ ಹೆಣೆದ ಅರ್ಥ್ ಪಟ್ಟಿ ಇರಲೇಬೇಕು. ಎಂಜಿನ್ ಕೂತಿರುವುದು ರಬ್ಬರಿನ ಮೇಲೆ. ಪಟ್ಟಿ ಇಲ್ಲದಿದ್ದರೆ ಸೆಲ್ಫಿನ ಕರೆಂಟು ಚೋಕ್ ಕೇಬಲ್ ಹಿಡಿದು ಹೋಗುತ್ತದೆ. ಸೆಲ್ಫ್ ಹೊಡೆದ ಮೇಲೆ ಚೋಕ್ ಕೇಬಲ್ ಬಿಸಿಯಿದ್ದರೆ ಕಾರಣ ಇದೇ.

ಮೊದಲ ಸ್ಟಾರ್ಟಿನಲ್ಲಿ ಚಾರ್ಜ್ ಬರಲಿಲ್ಲ. ಡ್ಯಾಶಿನ ಕೆಂಪು ಬಲ್ಬಿನ ಜಾಗಕ್ಕೆ ಯಾರೋ ಎಲ್‌ಇಡಿ ಹಾಕಿದ್ದರು. ಆಲ್ಟರ್ನೇಟರ್ ಎದ್ದೇಳಲು ಬೇಕಾದ ಸಣ್ಣ ಕರೆಂಟು ಆ ಬಲ್ಬಿನ ಮೂಲಕವೇ ಹೋಗಬೇಕು, ಎಲ್‌ಇಡಿ ಅಷ್ಟನ್ನು ಬಿಡುವುದಿಲ್ಲ. 2.2 ವಾಟಿನ ಹಳೆಯ ತಂತಿ ಬಲ್ಬ್ ಹಾಕಿದ ಕೂಡಲೇ ಸರಿಹೋಯಿತು. ಆಮೇಲಿನ ಅಳತೆ: ಸ್ಲೋನಲ್ಲಿ ಬ್ಯಾಟರಿ ಮೇಲೆ 14.1 ವೋಲ್ಟ್, ಎಲ್ಲ ಲೈಟ್ ಹಾಕಿದಾಗ 13.4. ಬಿ ತುದಿಗೂ ಬ್ಯಾಟರಿ ಪ್ಲಸ್‌ಗೂ ನಡುವೆ 0.3 ವೋಲ್ಟಿಗಿಂತ ಹೆಚ್ಚು ಬಂದರೆ ಯಾವುದೋ ವೈರಿನ ತುದಿಯ ಲಗ್ ಸಡಿಲ ಇದೆ.

ನೀರು, ಆಮೇಲೆ ಫ್ಯಾನ್

ಕಲಬುರಗಿ ಜಿಲ್ಲೆಯ ಶಹಾಬಾದ್, ಸೇಡಂ ಕಡೆಯೆಲ್ಲ ಸುಣ್ಣಕಲ್ಲಿನ ನೆಲ. ಬೋರ್‌ವೆಲ್ ನೀರು ಹಾಕಿದ ರೇಡಿಯೇಟರಿನ ಬಾಯೊಳಗೆ ಬೆರಳಾಡಿಸಿದರೆ ಫರ್ಸಿ ಕಲ್ಲಿನ ಪುಡಿಯಂಥ ಬಿಳಿ ಪದರ ಸಿಗುತ್ತದೆ. ಆ ಪದರ ಇರುವವರೆಗೆ ಎಷ್ಟು ದೊಡ್ಡ ಫ್ಯಾನ್ ಹಾಕಿದರೂ ದಂಡ.

ಥರ್ಮೋಸ್ಟಾಟ್ ತೆಗೆದು, ಲೀಟರಿಗೆ 25 ಗ್ರಾಂ ನಿಂಬೆ ಉಪ್ಪು (ಸಿಟ್ರಿಕ್ ಆಸಿಡ್) ಕರಗಿಸಿದ ನೀರು ತುಂಬಿ. 30–40 ನಿಮಿಷ ಸ್ಲೋನಲ್ಲಿ ಓಡಿಸಿ, ಬಿಸಿ ಇರುವಾಗಲೇ ಹುಷಾರಾಗಿ ಇಳಿಸಿ. ಈ ಗಾಡಿಗೆ ಮೂರು ಸಲ ಬೇಕಾಯಿತು. ಮೊದಲ ಸಲ ಕಾಫಿ ಬಣ್ಣ, ಮೂರನೆಯ ಸಲ ತಿಳಿ ಹಳದಿ. ರಾತ್ರಿಯಿಡೀ ಬಿಡಬೇಡಿ. ಕೊನೆಗೆ ಒಂದು ಹಿಡಿ ವಾಷಿಂಗ್ ಸೋಡಾ ಹಾಕಿದ ನೀರು, ಆಮೇಲೆ ಎರಡು ಸಲ ಬರೀ ನೀರು. ಬ್ಲಾಕಿನ ನಲ್ಲಿ ತೆರೆದಾಗ ನೀರು ಬರದಿದ್ದರೆ ಖಾಲಿಯಾಯಿತು ಅಂದುಕೊಳ್ಳಬೇಡಿ. ಕೆಸರು ಸೇರುವುದು ಹಿಂದಿನ ನಾಲ್ಕನೇ ಸಿಲಿಂಡರ್ ಸುತ್ತ. ನಲ್ಲಿಯನ್ನೇ ಬಿಚ್ಚಿ, ತಂತಿ ಹಾಕಿ ಕೆದಕಿದರೆ ಕೆಂಪು ಕೆಸರು ಬಳಬಳ ಬರುತ್ತದೆ.

ಮತ್ತೆ ತುಂಬುವಾಗ ಖನಿಜ ತೆಗೆದ ನೀರು, ಮೂರನೇ ಒಂದು ಪಾಲು ಕೂಲಂಟ್. ಇಲ್ಲಿ ಕೂಲಂಟ್ ಹಾಕುವುದು ತುಕ್ಕು ತಡೆಯಲು. ಹೆಚ್ಚು ಹಾಕಿದರೆ ಶಾಖ ಹೊರುವ ಶಕ್ತಿ ತಗ್ಗುತ್ತದೆ. 82 ಡಿಗ್ರಿ ಥರ್ಮೋಸ್ಟಾಟ್ ವಾಪಸ್ ಹಾಕಿ. "ಬೇಸಿಗೆಗೆ ತೆಗೆದೇ ಬಿಡಿ" ಅನ್ನುವ ರೂಢಿ ತಪ್ಪು, ನೀರು ಲಂಗುಲಗಾಮಿಲ್ಲದೆ ಸುತ್ತಿ ತಂಪು ಎಲ್ಲ ಕಡೆ ಸಮನಾಗಿ ಹಂಚುವುದಿಲ್ಲ. ರೇಡಿಯೇಟರ್ ಮುಚ್ಚಳದ ರಬ್ಬರ್ ನೋಡಿ. 7 ಪೌಂಡ್ ಒತ್ತಡ ಹಿಡಿಯುವ ಮುಚ್ಚಳವಿದ್ದರೆ ನೀರು ಕುದಿಯುವುದು ಸುಮಾರು 110 ಡಿಗ್ರಿಗೆ; ರಬ್ಬರ್ ಹೋಗಿದ್ದರೆ 100ರ ಒಳಗೇ.

ಫ್ಯಾನ್ 12 ಇಂಚಿನದು, ರೇಡಿಯೇಟರ್ ಮುಂದೆ, ಹಿಂದಕ್ಕೆ ಗಾಳಿ ದೂಡುವಂತೆ. ಹಳೆಯ ಬೆಲ್ಟ್ ಫ್ಯಾನ್ ತೆಗೆದಿಲ್ಲ. ಮೇ ತಿಂಗಳಲ್ಲಿ ಜೇವರ್ಗಿ ದಾರಿಯಲ್ಲಿ ಫ್ಯೂಸ್ ಹೋದರೂ ಅದು ಗಾಡಿಯನ್ನು ಮನೆಗೆ ತರುತ್ತದೆ. ಕಿಟ್ಟಿನ ಜೊತೆ ಬರುವ, ರೇಡಿಯೇಟರ್ ಜಾಲರಿಯೊಳಗೆ ತೂರಿಸುವ ಪ್ಲಾಸ್ಟಿಕ್ ಕಡ್ಡಿಗಳನ್ನು ಬಳಸಬೇಡಿ. ಫ್ಯಾನಿನ ಭಾರ ಅದುರಿ ಅದುರಿ ಆ ಕಡ್ಡಿಯೇ ಗರಗಸವಾಗಿ ಹಿತ್ತಾಳೆ ಕೊಳವೆ ಕೊಯ್ಯುತ್ತದೆ. 25×3 ಎಂಎಂ ಪಟ್ಟಿ ಎರಡು, ರೇಡಿಯೇಟರ್ ಬದಿಯ ಹಳೆಯ ಬೋಲ್ಟುಗಳಿಗೇ ಕಟ್ಟಿದರೆ ಸಾಕು.

ಸ್ವಿಚ್ 92 ಡಿಗ್ರಿಗೆ ಆನ್, 87ಕ್ಕೆ ಆಫ್ ಆಗುವಂಥದ್ದು, ಮೇಲಿನ ಹೋಸ್ ಕತ್ತರಿಸಿ ನಡುವೆ ಹಾಕುವ ಲೋಹದ ತುಂಡಿನಲ್ಲಿ. ಆ ತುಂಡಿನ ಎರಡೂ ಕಡೆ ರಬ್ಬರೇ ಆದ್ದರಿಂದ ಒಂದು ವೈರಿನ ಸ್ವಿಚ್‌ಗೆ ಅರ್ಥ್ ಸಿಗುವುದಿಲ್ಲ. ಎರಡು ವೈರಿನದನ್ನೇ ತನ್ನಿ. ಸ್ವಿಚ್ ರಿಲೇಯ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಆನ್ ಮಾಡುವ ಡಬ್ಬಿ) 85ನೇ ಪಿನ್ನಿಗೆ ಅರ್ಥ್ ಕೊಡುತ್ತದೆ, 86ಕ್ಕೆ ಇಗ್ನಿಷನ್, 30ಕ್ಕೆ 20 ಆಂಪಿಯರ್ ಫ್ಯೂಸ್ ಮೂಲಕ ಬ್ಯಾಟರಿ, 87ರಿಂದ 4 ಚದರ ಎಂಎಂ ವೈರ್ ಫ್ಯಾನಿಗೆ. ರೇಡಿಯೇಟರ್ ಮುಂದೆ ಒಂದು ಹಾಳೆ ಹಿಡಿದು ನೋಡಿ: ಹಾಳೆ ಫ್ಯಾನಿನ ಕಡೆ ಎಳೆಯಬೇಕು. ಮುಖಕ್ಕೆ ಗಾಳಿ ಬಂದರೆ ವೈರ್ ಉಲ್ಟಾ, ಆಗ ಎರಡು ಫ್ಯಾನುಗಳೂ ಒಂದಕ್ಕೊಂದು ಎದುರು ಜಗ್ಗುತ್ತಿರುತ್ತವೆ.

ಕಿಡಿ

ಕಾಯಿಲಿನ ಕರೆಂಟನ್ನು ಕಡಿದು ಕಿಡಿ ಹುಟ್ಟಿಸುವ ಪಾಯಿಂಟ್ ಮತ್ತು ಕಂಡೆನ್ಸರ್ ಜಾಗಕ್ಕೆ ಡಿಸ್ಟ್ರಿಬ್ಯೂಟರ್ ಒಳಗೇ ಕೂರುವ ಎಲೆಕ್ಟ್ರಾನಿಕ್ ಕಿಟ್. ಶಾಫ್ಟಿಗೆ ಅಯಸ್ಕಾಂತದ ಬಳೆ, ಪ್ಲೇಟಿಗೆ ಮಾಡ್ಯೂಲ್, ಹೊರಗೆ ಎರಡೇ ವೈರ್. ಮೊದಲು ಕಾಯಿಲಿನ ಎರಡು ಸಣ್ಣ ತುದಿಗಳ ನಡುವೆ ಓಮ್ ಅಳೆಯಿರಿ. ಈ ಬಗೆಯ ಕಿಟ್ಟಿಗೆ 3 ಓಮ್ ಬೇಕು, 1.5 ಓಮಿನ ಕಾಯಿಲ್ ಇದ್ದರೆ ಕರೆಂಟು ಇಮ್ಮಡಿಯಾಗಿ ಮಾಡ್ಯೂಲ್ ಸುಡುತ್ತದೆ. ಬರೀ ತಾಮ್ರದ ಪ್ಲಗ್ ವೈರ್ ತೆಗೆದು ರೆಸಿಸ್ಟರ್ ಇರುವುದನ್ನು ಹಾಕಿ. ಎಂಜಿನ್ ಆಫ್ ಇರುವಾಗ ಇಗ್ನಿಷನ್ ಆನ್ ಬಿಟ್ಟು ಹಾಡು ಕೇಳುತ್ತ ಕೂರುವ ಅಭ್ಯಾಸ ಇನ್ನು ನಡೆಯದು, ಕಾಯಿಲೂ ಮಾಡ್ಯೂಲೂ ಕಾದು ಕೆಡುತ್ತವೆ.

ರೋಟರ್ ಗಡಿಯಾರದ ವಿರುದ್ಧ ದಿಕ್ಕಿಗೆ ತಿರುಗುತ್ತದೆ, ಸಿಲಿಂಡರಿಗೆ ಕಿಡಿ ಹೋಗುವ ಕ್ರಮ 1-3-4-2. ಟೈಮಿಂಗ್ ಲೈಟ್ ಹಿಡಿಯುವಾಗ ವ್ಯಾಕ್ಯೂಮ್ ಪೈಪ್ ಬಿಚ್ಚಿ ಬಾಯಿ ಮುಚ್ಚಿ. ಪಾಯಿಂಟಿನ ಕಾಲದ ಗುರುತು ಈಗ ಸರಿಹೋಗುವುದಿಲ್ಲ, ಹೊಸದಾಗಿ ಹೊಂದಿಸಲೇಬೇಕು. ಪ್ಲಗ್ ಸಂದಿ 0.64 ಎಂಎಂ. ಕಿಟ್ ಹಾಕಿದ್ದರಿಂದ ಸವೆದ ಬುಷ್ ಗುಣವಾಗುವುದಿಲ್ಲ. ಶಾಫ್ಟ್ ಅಡ್ಡಡ್ಡ ಅಲ್ಲಾಡಿದರೆ ಲೇತಿನಲ್ಲಿ ಬುಷ್ ಹಾಕಿಸಿಯೇ ಮುಂದುವರಿಯಿರಿ. ಬಿಚ್ಚಿದ ಪ್ಲೇಟ್, ಪಾಯಿಂಟ್, ಕಂಡೆನ್ಸರನ್ನು 0.38 ಎಂಎಂ ಸಂದಿಗೆ ಹೊಂದಿಸಿ, ಒಂದು ಡಬ್ಬಿಯಲ್ಲಿ ಫೀಲರ್ ಗೇಜ್ ಜೊತೆ ಗಾಡಿಯಲ್ಲೇ ಇಡಿ. ಮಾಡ್ಯೂಲ್ ಕೈಕೊಟ್ಟರೆ ಇಪ್ಪತ್ತು ನಿಮಿಷದ ಕೆಲಸ.

ಆಫ್ ಮಾಡಿದರೆ ಸ್ಟಾರ್ಟ್ ಆಗದ ಕಾಯಿಲೆ

ಎಲ್ಲರೂ ಕಾಯಿಲ್ ಬದಲಿಸುವ ದೂರು ಇದು. ನಿಜವಾದ ಕಾರಣ ಕಾರ್ಬುರೇಟರ್. ಎಂಜಿನ್ ನಿಂತ ಮೇಲೆ ಗಾಳಿಯೂ ನಿಲ್ಲುತ್ತದೆ, ಕೆಳಗಿನ ಮ್ಯಾನಿಫೋಲ್ಡಿನ ಕಾವು ಮೇಲೇರಿ ಬಟ್ಟಲಿನ ಪೆಟ್ರೋಲ್ ಕುದಿದು ಉಕ್ಕಿ ಒಳಕ್ಕೆ ಸುರಿಯುತ್ತದೆ. ಎಥನಾಲ್ 78 ಡಿಗ್ರಿಗೇ ಕುದಿಯುವ ಪದಾರ್ಥ, ನೂರಕ್ಕೆ 20 ಪಾಲು ಎಥನಾಲ್ ಬೆರೆಸಿದ ಇ20 ಪೆಟ್ರೋಲಿನಲ್ಲಿ ಈ ಕಾಟ ಹೆಚ್ಚು.

ಕಾರ್ಬುರೇಟರ್ ಕೆಳಗೆ 8 ಎಂಎಂ ಬೇಕಲೈಟ್ ಸ್ಪೇಸರ್, ಎರಡು ಕಡೆ ಪ್ಯಾಕಿಂಗ್, ಅದರ ಜೊತೆ 1.5 ಎಂಎಂ ಅಲ್ಯೂಮಿನಿಯಂ ತಗಡಿನ ಮರೆ. ಸ್ಟಡ್ ಕೂಡ ಅಷ್ಟು ಹೆಚ್ಚು ಉದ್ದದ್ದಾಗಬೇಕು. ಏರ್ ಕ್ಲೀನರ್ ಬಾನೆಟ್ಟಿಗೆ ತಾಗುತ್ತದೆಯೇ ತಿಳಿಯಲು ಅದರ ಮೇಲೆ ಗೋಧಿ ಕಣಕದ ಉಂಡೆ ಇಟ್ಟು ಬಾನೆಟ್ ಮುಚ್ಚಿ ತೆರೆಯಿರಿ. ಉಂಡೆ ಎಷ್ಟು ದಪ್ಪ ಉಳಿದಿದೆಯೋ ಅಷ್ಟು ಸಂದಿ. ಇಲ್ಲಿ 14 ಎಂಎಂ ಉಳಿಯಿತು. ಜೋಳದ ಹಿಟ್ಟು ಒಡೆದು ಹರಡುತ್ತದೆ, ಅದರಲ್ಲಿ ಅಳತೆ ಸಿಗದು.

ಇ20 ಬಂದ ಮೇಲೆ ಪೆಟ್ರೋಲ್ ಹೋಸ್ ಎಲ್ಲ ಬದಲಿಸಲೇಬೇಕು. ಹಳೆಯ ರಬ್ಬರ್ ಒಳಗೆ ಮೆತ್ತಗಾಗಿ ಕಪ್ಪು ಚೂರು ಬಿಟ್ಟು ಜೆಟ್ (ಕಾರ್ಬುರೇಟರಿನಲ್ಲಿ ಪೆಟ್ರೋಲ್ ಅಳೆದು ಬಿಡುವ ಸಣ್ಣ ತೂತು) ಕಟ್ಟುತ್ತದೆ. ಹೋಸಿನ ಮೇಲೆ ಆರ್9 ಎಂಬ ಗುರುತು ಹುಡುಕಿ. ಪಂಪಿನ ಡಯಾಫ್ರಮ್ಮೂ ಎಥನಾಲ್ ತಡೆಯುವಂಥದ್ದೇ ಬೇಕು. ಎಥನಾಲಿಗೆ ಗಾಳಿ ಕಡಿಮೆ ಸಾಕು, ಅಂದರೆ ಅದೇ ಜೆಟ್ಟಿನಲ್ಲಿ ಮಿಶ್ರಣ ತೆಳುವಾಗಿ ಎಂಜಿನ್ ಕಾಯುತ್ತದೆ. ಸೋಲೆಕ್ಸ್ ಕಾರ್ಬುರೇಟರಿನ ಮೇನ್ ಜೆಟ್ಟಿನ ಅಂಕಿ ಎಂಎಂನ ನೂರನೇ ಭಾಗದ ಲೆಕ್ಕ. 115 ಇದ್ದರೆ 117.5 ಹಾಕಿ ನೋಡಿ, ಸಾಲದಿದ್ದರೆ 120. ತೀರ್ಪು ಪ್ಲಗ್ಗಿನದು: 20 ಕಿಲೋಮೀಟರ್ ಒಂದೇ ವೇಗದಲ್ಲಿ ಓಡಿಸಿ, ಅಲ್ಲೇ ಆಫ್ ಮಾಡಿ ಬಿಚ್ಚಿ. ತಿಳಿ ಕಂದು ಸರಿ, ಬಿಳಿ ಬಂದರೆ ಇನ್ನೂ ತೆಳು.

ಲೈಟ್

7 ಇಂಚಿನ ಎಚ್4 ಲೈಟಿಗೆ ಎರಡು ರಿಲೇ, ಅಷ್ಟೇ. ಮುಂಚೆ ಬಲ್ಬಿನ ಹತ್ತಿರ 10.6 ವೋಲ್ಟ್ ಇತ್ತು, ಈಗ 13.2. ಬೆಳಕು ವೋಲ್ಟೇಜಿಗಿಂತ ಬಹಳ ಬೇಗ ಇಳಿಯುವುದರಿಂದ ಮುಂಚೆ ಬರುತ್ತಿದ್ದುದು ಈಗಿನ ಅರ್ಧವೂ ಅಲ್ಲ. 60/55 ವಾಟಿನ ಮಾಮೂಲು ಬಲ್ಬೇ ಸಾಕು. ಎಲ್‌ಇಡಿ ಬಲ್ಬ್ ಈ ರಿಫ್ಲೆಕ್ಟರಿನಲ್ಲಿ ಎದುರಿನವರ ಕಣ್ಣಿಗೆ ಹೊಡೆಯುತ್ತದೆ.

ಪರೀಕ್ಷೆ

ನೆರಳಿಲ್ಲದ ಜಾಗ, ಮಧ್ಯಾಹ್ನ ಎರಡು ಗಂಟೆ, ಹೊರಗೆ 41 ಡಿಗ್ರಿ, ಬಾನೆಟ್ ಮುಚ್ಚಿ, ಹೆಡ್‌ಲೈಟ್ ಹಾಕಿ ಸ್ಲೋನಲ್ಲಿ ಅರ್ಧ ಗಂಟೆ. ಏಳನೇ ನಿಮಿಷಕ್ಕೆ ಫ್ಯಾನ್ ಆನ್, ನಾಲ್ಕು ನಿಮಿಷಕ್ಕೆ ಆಫ್, ಮತ್ತೆ ಮೂರು ನಿಮಿಷಕ್ಕೆ ಆನ್. ಫ್ಯಾನ್ ಓಡುವಾಗ ಬ್ಯಾಟರಿ ಮೇಲೆ 13.2 ವೋಲ್ಟ್. ಆಫ್ ಮಾಡಿ ಹದಿನೈದು ನಿಮಿಷ ಬಿಟ್ಟು ಸೆಲ್ಫ್ ಹೊಡೆದರೆ ಎರಡನೇ ಸಲಕ್ಕೆ ಹತ್ತಿತು, ಆಕ್ಸಿಲರೇಟರ್ ಅರ್ಧ ಒತ್ತಿ ಹಿಡಿಯಬೇಕಾಯಿತು. ಅಂದರೆ ಕಾವು ಇನ್ನೂ ಸ್ವಲ್ಪ ಮೇಲೇರುತ್ತಿದೆ. ಪಂಪಿನಿಂದ ಕಾರ್ಬುರೇಟರಿಗೆ ಹೋಗುವ ಪೈಪು ಮ್ಯಾನಿಫೋಲ್ಡಿಗೆ ಮೂರು ಬೆರಳಿನಷ್ಟು ಹತ್ತಿರ ಹಾಯುತ್ತದೆ, ಅದನ್ನು ಮುಂದಿನ ಬದಿಯಿಂದ ತಿರುಗಿಸಿ ತರುವುದು ಬಾಕಿ. 500 ಕಿಲೋಮೀಟರಿಗೆ ಬೆಲ್ಟ್ ಮತ್ತೆ ಬಿಗಿಯಬೇಕು, ಬ್ರ್ಯಾಕೆಟ್ ಬೋಲ್ಟ್ ನೋಡಬೇಕು, ಸ್ಪೇಸರ್ ಪ್ಯಾಕಿಂಗ್ ಕೂರುವುದರಿಂದ ಕಾರ್ಬುರೇಟರ್ ನಟ್ ಕಾಲು ಸುತ್ತು ಹಿಡಿಯುತ್ತದೆ.